ಬೈಯದೆ ಬಿಟ್ಟ ಹಾಡು

ನಮ್ಮ ಅತ್ತೆ ಪತ್ರಿಕೆ ಮಡಚುವ ರೀತಿ ನೋಡಿದರೇ ನನ್ನ ಹೊಟ್ಟೆ ಉರಿಯುತ್ತದೆ. ವಾರಕ್ಕೊಮ್ಮೆ ಬರುವ ನಮ್ಮ ಪುಟದ ಹೆಸರು ‘ಎರಡು ಕಿವಿ’. ಹೊಸದಾಗಿ ಬಂದ ಸಂಗೀತದ ಆಲ್ಬಂಗಳ ಬಗ್ಗೆ ಎಡಗಡೆ ನನ್ನ ಅಭಿಪ್ರಾಯ, ಬಲಗಡೆ ನನ್ನ ಹೆಂಡತಿಯದು. ಅತ್ತೆ ಪುಟವನ್ನು ನಟ್ಟನಡುವೆ ಮಡಚಿ, ನನ್ನ ಅರ್ಧವನ್ನು ಹಿಂದಕ್ಕೆ ತಳ್ಳಿ, ಮಗಳ ಅರ್ಧವನ್ನು ಗಟ್ಟಿಯಾಗಿ ಓದುತ್ತಾರೆ. ಮೇಜಿನ ಈಚೆ ಕೂತ ನನಗೆ ಕಾಣುವುದು ಹಿಂದಕ್ಕೆ ಹೋದ ನನ್ನ ಬರಹ. ನಮ್ಮ ಮನೆಯಲ್ಲಿ ಅದಕ್ಕೆ ಓದುಗ ಅಂತಿರುವವನು ನಾನೊಬ್ಬನೇ.

“ಎಷ್ಟ್ ಚೆನ್ನಾಗ್ ಬರೆದಿದಾಳೆ ನೋಡಿ ಅಳಿಯಂದ್ರೇ,” ಅನ್ನುತ್ತಾರೆ.

“ಹೌದು ಅತ್ತೆ,” ಅನ್ನುತ್ತೇನೆ. ಕಾಫಿ ಕಹಿಯಾಗುತ್ತದೆ.

ಹಾಗಂತ ನಾನೇನು ಸಾಮಾನ್ಯನಲ್ಲ. ಈ ಕಸುಬಿನಲ್ಲಿ ನನ್ನ ಕೂದಲು ಹಣ್ಣಾಗಿದೆ. ರ್ಯಾಪ್, ಜಾಜ್, ಹಿತ್ತಾಳೆ ವಾದ್ಯದ ಬ್ಯಾಂಡು, ಮಕ್ಕಳ ಹಾಡು, ಕಂಪ್ಯೂಟರಿನಲ್ಲೇ ಹುಟ್ಟಿ ಅಲ್ಲೇ ಸಾಯುವ ಕುಣಿತದ ಹಾಡು, ಯಾವುದೂ ನನ್ನ ನಾಲಿಗೆಯಿಂದ ತಪ್ಪಿಸಿಕೊಂಡಿಲ್ಲ. ಓದುಗರು ನನ್ನನ್ನು ‘ಚೇಳು’ ಎಂದು ಕರೆಯುತ್ತಾರೆ. ಬಿರುದು ಅಂದುಕೊಂಡೇ ಇಟ್ಟುಕೊಂಡಿದ್ದೇನೆ. ಒಂದು ಮೆಟಲ್ ತಂಡದ ಬಗ್ಗೆ ಹೀಗೆ ಬರೆದಿದ್ದೆ: ‘ಪಾತ್ರೆ ತೊಳೆಯುವವರಿಗೆ ಸಿಟ್ಟು ಬಂದರೂ ಇಷ್ಟೇ ಸದ್ದಾಗುತ್ತದೆ, ಆದರೆ ಕೊನೆಗೆ ಪಾತ್ರೆಯಾದರೂ ಸ್ವಚ್ಛವಾಗಿರುತ್ತದೆ.’ ಬರೆದು ನಾನೇ ನಕ್ಕಿದ್ದೆ.

ಅದೇ ವಾರ, ಅದೇ ಆಲ್ಬಂಗೆ ಅವಳು ಬರೆದದ್ದು: ‘ನಾಲ್ಕನೆಯ ಹಾಡಿನಲ್ಲಿ ಡ್ರಮ್ ನಿಂತು, ಕಿರುಚುತ್ತಿದ್ದವನ ಉಸಿರು ಮಾತ್ರ ಉಳಿಯುತ್ತದೆ. ಇಷ್ಟು ಹೊತ್ತು ಅವನು ಕಿರುಚಿದ್ದು, ಏನಾಯಿತಪ್ಪಾ ಎಂದು ಯಾರಾದರೂ ಕೇಳಲಿ ಅಂತ.’

ಮೆಟಲ್ ಅಂದರೆ ಕಿವಿ ಮುಚ್ಚಿಕೊಳ್ಳುವ ಅಜ್ಜಿಯರೆಲ್ಲ ಆ ನಾಲ್ಕನೆಯ ಹಾಡು ಕೇಳಿದರಂತೆ. ಅವಳಿಗೆ ಪತ್ರಗಳ ಮೇಲೆ ಪತ್ರ. ನನಗೂ ಒಂದು ಬಂದಿತ್ತು: ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.’ ಕೆಳಗೆ ಸಹಿಯೂ ಇರಲಿಲ್ಲ.

ಹೊಗಳಿಕೆಯನ್ನು ಹೇಗೋ ತಡೆದುಕೊಳ್ಳಬಹುದು. ನನ್ನನ್ನು ಕೊರೆಯುತ್ತಿದ್ದುದು ಬೇರೆ. ಎಂಥ ದರಿದ್ರ ಆಲ್ಬಂ ಕೊಟ್ಟರೂ ಅವಳು ಅದರಲ್ಲಿರುವ ಒಂದೇ ಒಂದು ಒಳ್ಳೆಯ ಹಾಡನ್ನು ಹೆಕ್ಕಿ ತೆಗೆಯುತ್ತಿದ್ದಳು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಒಮ್ಮೆಯೂ ತಪ್ಪಿದ್ದಿಲ್ಲ. ಮತ್ತು ಅದೇ ಹಾಡು ಪ್ರತಿಸಲವೂ ನನಗೂ ಇಷ್ಟವಾಗಿರುತ್ತಿತ್ತು. ಮನೆಯಲ್ಲಿ ಅಡುಗೆ ಸೀದ ವಾಸನೆ ಕೂಡ ಗೊತ್ತಾಗದ ಇವಳಿಗೆ ಇಂಥ ಕಿವಿ ಎಲ್ಲಿಂದ ಬಂತು? ನನಗಿರಬೇಕಾದ ಕಿವಿ ಅದು ಎಂದು ಒಳಗೊಳಗೇ ಬೇಯುತ್ತಿದ್ದೆ.

ನಮ್ಮ ಕೋಣೆಗಳು ಅಕ್ಕಪಕ್ಕ. ನಡುವೆ ಇರುವುದು ಹಲಗೆಯ ಗೋಡೆ. ಬೆಳಗಿನ ಕಾಫಿ ಮುಗಿಸಿ ಇಬ್ಬರೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇವೆ. ಬರೆದು ಕೊಡುವ ತನಕ ಆಲ್ಬಂ ಬಗ್ಗೆ ಮಾತಾಡುವ ಹಾಗಿಲ್ಲ. ಅವಳು ಸಣ್ಣ ಸ್ಪೀಕರಿನಲ್ಲಿ ಮೆಲ್ಲಗೆ ಕೇಳುತ್ತಾಳೆ. ನಾನು ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ಆಫೀಸಿನವರು ಬೇಡವೆಂದು ಹೊರಗಿಟ್ಟಾಗ ತಂದ ತಿರುಗು ಕುರ್ಚಿಯಲ್ಲಿ ಕೂರುತ್ತೇನೆ. ಕೇಳುವಾಗ ನನ್ನಷ್ಟಕ್ಕೆ ಏನೋ ಗೊಣಗಿಕೊಳ್ಳುವ ಅಭ್ಯಾಸವಿದೆ, ಮೆಲ್ಲಗೆ. “ನಿಮ್ ಕೋಣೆ ಗಲಾಟೇಲಿ ಒಂದು ನಿಮಿಷ ಕಣ್ಮುಚ್ಚಕ್ಕಾಗಲ್ಲ,” ಎಂದು ಅತ್ತೆ ಆಗಾಗ ಅನ್ನುತ್ತಿದ್ದರು. ಅತ್ತೆಯ ಮಾತಿಗೆಲ್ಲ ಅರ್ಥ ಹುಡುಕಬಾರದು ಎಂದು ಸುಮ್ಮನಿದ್ದೆ.

ಹೀಗಿರುವಾಗ ಸಂಪಾದಕಿ ನಮ್ಮಿಬ್ಬರನ್ನೂ ಕರೆಸಿದರು.

“ಅರ್ಧ ಪುಟ ಜಾಹೀರಾತಿಗೆ ಹೋಗುತ್ತೆ. ಇನ್ಮೇಲೆ ಒಂದೇ ಕಿವಿ. ಈ ಕಂತಿನ ಆಲ್ಬಂಗಳಿಗೆ ಇಬ್ರೂ ಬರೆದುಕೊಡಿ, ಓದಿ ತೀರ್ಮಾನ ಮಾಡ್ತೀನಿ,” ಎಂದರು.

ಮೆಟ್ಟಿಲಿಳಿಯುವಾಗ ಹೆಂಡತಿ ನನ್ನ ತೋಳು ಮುಟ್ಟಿ, “ನೀವೇ ಉಳ್ಕೊಳ್ಳಿ ರೀ. ನಂಗೇನಿಲ್ಲ,” ಎಂದಳು. ಗಾಯಕ್ಕೆ ಉಪ್ಪು ಸವರಿದಂತಾಯಿತು. ಅವಳು ಬಿಟ್ಟುಕೊಟ್ಟದ್ದನ್ನು ತಿನ್ನುವ ಗತಿ ನನಗೆ ಬಂದಿಲ್ಲ. ಗೆದ್ದು ಉಳಿಯಬೇಕು. ಇಲ್ಲವಾದರೆ ಇನ್ನು ಬದುಕಿರುವಷ್ಟು ದಿನ ಮಡಚದ ಪತ್ರಿಕೆಯನ್ನು ಅತ್ತೆ ಓದುವುದು, ನಾನು “ಹೌದು ಅತ್ತೆ” ಅನ್ನುವುದು.

ಆಗಲೇ ನನಗೆ ಆ ಹಾಳು ಯೋಚನೆ ಬಂದದ್ದು. ಅವಳು ಯಾವ ಹಾಡನ್ನು ಮತ್ತೆ ಮತ್ತೆ ಹಾಕುತ್ತಾಳೆ ಎಂದು ಗೋಡೆಗೆ ಕಿವಿಯಿಟ್ಟು ಕೇಳಿದರಾಯಿತು. ಅವಳು ಹೊಗಳುವ ಹಾಡನ್ನು ಅವಳಿಗಿಂತ ಚೆನ್ನಾಗಿ ನಾನೇ ಹೊಗಳಿಬಿಡುತ್ತೇನೆ.

ಮರುದಿನ ಬಾಗಿಲು ಹಾಕಿಕೊಂಡೆ. ಹೆಡ್‌ಫೋನ್ ಕೊರಳಿಗೆ ಇಳಿಸಿ, ಹಾಡು ಹಾಕದೆ, ಉಸಿರು ಬಿಗಿಹಿಡಿದು ಹಲಗೆಗೆ ಕಿವಿಯಿಟ್ಟೆ. ಆಚೆ ಏನೂ ಕೇಳಿಸಲಿಲ್ಲ. ಕಾದೆ. ಆಗಲೂ ಇಲ್ಲ. ಕುತ್ತಿಗೆ ಹಿಡಿದುಕೊಂಡಿತು. ಇವಳೇನು ನಿದ್ದೆ ಹೋದಳೇ ಅಂದುಕೊಳ್ಳುವಷ್ಟರಲ್ಲಿ ನನ್ನ ಬಾಗಿಲು ತೆರೆಯಿತು. ಕೈಯಲ್ಲಿ ಪೆನ್ಸಿಲ್ ಹಿಡಿದು ಅವಳೇ ನಿಂತಿದ್ದಳು. ಮುಖದಲ್ಲಿ ಗಾಬರಿ.

“ಏನ್ರೀ, ಹುಷಾರಿಲ್ವಾ?”

“ಯಾಕೆ?”

“ಆಗ್ಲಿಂದ ಕಾಯ್ತಿದೀನಿ, ಒಂದಕ್ಕೂ ಬೈತಾನೇ ಇಲ್ಲ. ಗೋಡೆ ಹತ್ರ ಏನ್ ಮಾಡ್ತಿದೀರಾ?”

“ಇರುವೆ,” ಎಂದೆ. “ಇರುವೆ ಸಾಲು.”

ಅಡುಗೆಮನೆಯಿಂದ ಅತ್ತೆಯ ದನಿ ಬಂತು: “ಅವರು ಬೈದೇ ಇದ್ರೆ ನೀನೇನ್ ಬರೀತೀಯೇ?”

ಹೆಂಡತಿ ತುಟಿ ಕಚ್ಚಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವನು ನಾನು. ಆದರೆ ಅಲ್ಲಿ ಇನ್ನೊಬ್ಬಳು ಹೆಗಲು ಮುಟ್ಟಿಕೊಳ್ಳುತ್ತಿದ್ದಳು.

“ಏನದು? ಯಾರು ಬೈಯೋದು?”

“ನೀವೇ ರೀ. ಹೆಡ್‌ಫೋನ್ ಹಾಕ್ಕೊಂಡ್ರೆ ನಿಮ್ ದನಿ ನಿಮಗೆ ಕೇಳಲ್ಲ, ಬೀದಿಗೆಲ್ಲಾ ಕೇಳುತ್ತೆ. ‘ಒಂದನೇದು ದಂಡ! ಎರಡನೇದು ಕತ್ತೆ! ಮೂರನೇದು, ಇವನಿಗೆ ತಾಳ ಹೇಳ್ಕೊಟ್ಟೋನ್ಯಾರು!’ ಅಂತ. ನಡುವೆ ಒಂದು ನಂಬರ್‌ಗೆ ಸುಮ್ನಾಗ್ತೀರಾ. ಆಮೇಲೆ ನಾನು ಆ ಹಾಡು ಹಾಕ್ಕೊಂಡು ಕೇಳ್ತೀನಿ.”

ನಾನು ಕುರ್ಚಿಯ ಮೇಲೆ ಕುಸಿದೆ. ಇಷ್ಟು ವರ್ಷ ಯಾರ ಕಿವಿಯ ಮೇಲೆ ಹೊಟ್ಟೆಕಿಚ್ಚುಪಟ್ಟೆನೋ ಅದು ನನ್ನದೇ ಕಿವಿ! ಸಿಟ್ಟು, ಸಂತೋಷ ಎರಡೂ ಒಟ್ಟಿಗೆ ನುಗ್ಗಿ ಬಂದವು.

“ಕಳ್ಳಿ! ಹಾಗಾದ್ರೆ ಆ ಪತ್ರ ಎಲ್ಲಾ ನಂದು! ಆ ಅಜ್ಜಿಯಂದಿರೂ ನನ್ನೋರೇ!”

“ಹಾಡು ನಿಮ್ದೇ ರೀ, ಇಲ್ಲ ಅನ್ನಲ್ಲ,” ಎಂದಳು. ಅವಳ ದನಿ ಏರಲಿಲ್ಲ. “ಆದ್ರೆ ಯಾಕೆ ಸುಮ್ನಾದೆ ಅಂತ ನೀವ್ ಒಂದಿನಾನಾದ್ರೂ ಬರೆದ್ರಾ? ಬೈದಿದ್ದನ್ನ ಬರೆದು ಕಳಿಸ್ತೀರಾ, ಸುಮ್ನಾಗಿದ್ದನ್ನ ಇಲ್ಲೇ ಬಿಟ್ಟು ಹೋಗ್ತೀರಾ. ಬಿಟ್ಟಿದ್ದನ್ನ ನಾನು ಎತ್ಕೊಂಡೆ.”

ಬಾಗಿಲು ಎಳೆದುಕೊಂಡು ಹೋದಳು. ಅವಳ ಮಾತು ನಿಜ ಅನ್ನಿಸಿತು. ನಿಜ ಅನ್ನಿಸಿದ್ದರಿಂದ ಹೊಟ್ಟೆಕಿಚ್ಚು ಇಮ್ಮಡಿಯಾಯಿತು. ಸರಿ, ನನ್ನ ಮೌನದ ಮೇಲೆ ಬದುಕುವವಳಿಗೆ ಸುಳ್ಳು ಮೌನವನ್ನೇ ಬಡಿಸುತ್ತೇನೆ ಎಂದು ಹಟ ಹಿಡಿದೆ.

ಹೆಡ್‌ಫೋನ್ ಹಾಕಿದೆ. ಮೊದಲು ಒಬ್ಬ ರ್ಯಾಪರನ ಆಲ್ಬಂ. ಎರಡನೆಯ ಹಾಡು ಪೂರ್ತಿ ಅವನ ಬೂಟುಗಳ ಬೆಲೆಯ ಬಗ್ಗೆ. ಬೈಗುಳ ನಾಲಿಗೆಯ ತುದಿಗೆ ಬಂತು, ಹಲ್ಲು ಕಚ್ಚಿ ನುಂಗಿದೆ. ನಿವೃತ್ತ ಬಸ್ ಚಾಲಕರ ಗಾಯನ ತಂಡ ಮೂರನೆಯ ಹಾಡಿನಲ್ಲಿ ಒಬ್ಬರನ್ನೊಬ್ಬರು ಓವರ್‌ಟೇಕ್ ಮಾಡುತ್ತಿತ್ತು. ಅದಕ್ಕೂ ತುಟಿ ಬಿಚ್ಚಲಿಲ್ಲ. ಕೊನೆಗೆ ಯಾರೋ ಮುದುಕಿಯೊಬ್ಬಳು ಅಕಾರ್ಡಿಯನ್ ನುಡಿಸಿದ ಆಲ್ಬಂ. ಐದನೆಯದು ಶುರುವಾಯಿತು.

ಪದಗಳಿಲ್ಲದ ಹಾಡು. ಹಳೆಯ ವಾದ್ಯದ ತಿದಿ ಎಲ್ಲೋ ಸೋರುತ್ತಿತ್ತು, ಮೆಟ್ಟಿಲು ಹತ್ತುವವರ ಏದುಸಿರಿನ ಹಾಗೆ. ನಡುವೆ ಆಕೆ ಒಮ್ಮೆ ಕೆಮ್ಮಿದಳು. ಕೈ ನಿಲ್ಲಿಸಲಿಲ್ಲ. ಸುಮ್ಮನೆ ಕೇಳುತ್ತ ಕೂರಬೇಕು ಅನ್ನಿಸಿತು. ಆದರೆ ಸುಮ್ಮನಾದರೆ ಗೋಡೆಯಾಚೆ ಪೆನ್ಸಿಲ್ ಕಾದಿದೆಯಲ್ಲ!

“ಐದನೇದು ದಂಡ!” ಎಂದು ಕೂಗಿದೆ. “ಮುದುಕಿ ಮನೇಲಿರಬಾರ್ದಾ!”

ಕೂಗಿ ನಾಚಿಕೆಯಾಯಿತು. ಆದರೂ ಕೂಗಿದ್ದು ಕೂಗಿದ್ದೇ. ಆಮೇಲೆ ಬರೆಯಲು ಕೂತೆ. ಐದನೆಯ ಹಾಡನ್ನು ಹೊಗಳಲು ಹೊರಟರೆ ಪೆನ್ನಿನಿಂದ ‘ಚೆನ್ನಾಗಿದೆ’ ಎಂಬುದೊಂದೇ ಇಳಿಯಿತು. ಹೊಡೆದು ಹಾಕಿ ‘ತುಂಬಾ ಚೆನ್ನಾಗಿದೆ’ ಎಂದು ಬರೆದೆ. ಬೈಯಲು ಸಾವಿರ ಮಾತು ಬಲ್ಲ ನಾನು ಆ ಕೆಮ್ಮಿನ ಮುಂದೆ ಮೂಗನಾಗಿದ್ದೆ. ಹೇಗೋ ತುಂಬಿಸಿ ಕಳಿಸಿದೆ.

ಸಂಪಾದಕಿ ಮತ್ತೆ ಕರೆಸಿದಾಗ ಅವರ ಮೇಜಿನ ಮೇಲೆ ಎರಡೂ ಬರಹಗಳಿದ್ದವು.

“ನೀವು ಹೊಗಳಿದ್ದನ್ನ ಇವತ್ತೇ ನಾನು ನೋಡ್ತಿರೋದು,” ಎಂದು ನನ್ನದನ್ನು ಎತ್ತಿದರು. “ತಪ್ಪು ತಿಳ್ಕೋಬೇಡಿ. ಓದಿದ್ರೆ ಯಾರೋ ತೀರ್ಕೊಂಡಿದಾರೆ ಅನ್ಸುತ್ತೆ.” ಆಮೇಲೆ ಅವಳದನ್ನು ಗಟ್ಟಿಯಾಗಿ ಓದಿದರು:

‘ಐದನೆಯ ಹಾಡಿನ ನಡುವೆ ಆಕೆ ಕೆಮ್ಮುತ್ತಾರೆ. ಅದನ್ನು ಅಳಿಸಿಲ್ಲ, ಪುಣ್ಯ. ಈ ಹಾಡಿಗೆ ಬೈಯಲೇಬೇಕೆಂದು ಕೂತವರೊಬ್ಬರನ್ನು ನಾನು ಬಲ್ಲೆ. ಬೈದೂ ಬೈದರು. ಬೈದ ಮೇಲೆ ಬಹಳ ಹೊತ್ತು ಆ ಕೋಣೆಯಲ್ಲಿ ಏನೂ ಅಲುಗಾಡಲಿಲ್ಲ.’

ಸಂಪಾದಕಿ ಕನ್ನಡಕ ತೆಗೆದರು. ಯಾವ ಕಿವಿ ಉಳಿಯಿತೆಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮೆಟ್ಟಿಲ ಮೇಲೆ ನಾನೇ ಅವಳನ್ನು ನಿಲ್ಲಿಸಿದೆ. “ನಾನ್ ಬೈದ್ನಲ್ಲ! ಹೇಗ್ ಗೊತ್ತಾಯ್ತು?”

“ಕುರ್ಚಿ ರೀ,” ಎಂದಳು. “ಇಷ್ಟ ಇಲ್ದೇ ಇದ್ರೆ ಆ ಕಡೆ ಈ ಕಡೆ ತಿರುಗ್ತಾನೇ ಇರ್ತೀರಾ, ಕಿರ್ರ್ ಕಿರ್ರ್ ಅಂತಿರುತ್ತೆ. ಬೂಟಿನ ಹಾಡಿಗೆ ಬಾಯಿ ಮುಚ್ಚಿದ್ರಿ, ಕುರ್ಚಿ ಬೈತಿತ್ತು. ಐದನೇದಕ್ಕೆ ಬಾಯಿ ಬೈತು, ಕುರ್ಚಿ ಸುಮ್ನಿತ್ತು.”

ಅವಳು ಗೆದ್ದವಳ ಹಾಗೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು.

ಬರೆಯಲು ನನಗೆ ಪುಟವಿಲ್ಲದಿದ್ದರೂ ಕೇಳುವ ಚಟ ಬಿಡಲಿಲ್ಲ. ಮುಂದಿನ ಕಂತಿನ ಆಲ್ಬಂಗಳು ಬಂದ ದಿನ ನಾನು ಕುರ್ಚಿಯನ್ನು ಮಗುಚಿ ಹಾಕಿ, ತಿರುಗಣೆಗೆ, ಚಕ್ರಕ್ಕೆ, ಬೆನ್ನಿನ ಸ್ಪ್ರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಕೂತು ತಿರುಗಿ ನೋಡಿದೆ. ಒಂದು ಚೂರೂ ಸದ್ದಿಲ್ಲ. ಬರೆಯಲಿ ಈಗ ಅಂದುಕೊಂಡೆ. ಅವಳ ಕೋಣೆಯ ಬಾಗಿಲು ತೆರೆದ ಸದ್ದಾಯಿತು. ಸ್ಟೂಲೊಂದನ್ನು ಎತ್ತಿಕೊಂಡು ನನ್ನ ಕೋಣೆಗೆ ಬಂದು ನನ್ನೆದುರಿಗೇ ಇಟ್ಟು ಕೂತಳು. ತೊಡೆಯ ಮೇಲೆ ಹಾಳೆ, ಕೈಯಲ್ಲಿ ಪೆನ್ಸಿಲ್.

“ಕುರ್ಚಿಗೆ ಎಣ್ಣೆ ಹಾಕಿದ್ರಿ,” ಎಂದಳು. “ಮುಖಕ್ಕೆ ಏನ್ ಹಾಕ್ತೀರಾ?”

ನಾನು ಹೆಡ್‌ಫೋನ್ ಹಾಕಿಕೊಂಡು ಗೋಡೆಯ ಕಡೆಗೆ ತಿರುಗಿ ಕೂತೆ. ಒಂದನೆಯದಕ್ಕೆ ಬೈದೆ, ಎರಡನೆಯದಕ್ಕೂ ಬೈದೆ. ಮೂರನೆಯದು ಯಾವಾಗ ಶುರುವಾಯಿತೋ, ಯಾವಾಗ ಮುಗಿಯಿತೋ ಗೊತ್ತಾಗಲಿಲ್ಲ. ಮುಗಿದ ಮೇಲೆ, ಬೈಯುವುದನ್ನು ಮರೆತೆನಲ್ಲಾ ಎಂದು ಗಾಬರಿಯಾಗಿ ಹಿಂತಿರುಗಿ ನೋಡಿದೆ. ಅವಳು ಆಗಲೇ ಅರ್ಧ ಹಾಳೆ ಬರೆದಿದ್ದಳು.