ಮೂಲೆಯಲ್ಲಿ ನಿಂತವಳು

ಹೆಂಗಸರ ವಾರ್ಡಿನಲ್ಲಿ ಹದಿನಾಲ್ಕು ಮಂಚಗಳಿದ್ದವು. ಕೈತೊಳೆಯುವ ಬೇಸಿನ್ನಿಗೂ ಕೊನೆಯ ಕಿಟಕಿಗೂ ನಡುವೆ ಒಂದು ಖಾಲಿ ಮೂಲೆ. ಅಲ್ಲೊಂದು ಸ್ಟೂಲು ಇಟ್ಟರೆ ಯಾರಿಗೂ ಅಡ್ಡವಾಗುತ್ತಿರಲಿಲ್ಲ, ಆದರೂ ಯಾರೂ ಇಡುತ್ತಿರಲಿಲ್ಲ. ನೆಲ ಒರೆಸುವ ಆಯಾಗಳು ಆ ಮೂಲೆಗೆ ಬೆನ್ನು ಹಾಕದೆ, ಏಡಿಯ ಹಾಗೆ ಅಡ್ಡಡ್ಡ ಸರಿದು ಒರೆಸಿ ಬರುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ವಾರವೇ ಗುಮ್ಮಿ ಇದನ್ನು ಗಮನಿಸಿದಳು. ಏಕೆಂದು ಕೇಳಲಿಲ್ಲ. ಕೇಳುವುದು ಅವಳಿಗೆ ರೂಢಿಯಿರಲಿಲ್ಲ.

ಗುಮ್ಮಿ ಎಂಬುದು ದೊಡ್ಡಮ್ಮ ಇಟ್ಟ ಹೆಸರು. ಆಯಾಗಳಲ್ಲೆಲ್ಲ ಹಿರಿಯಳಾದ ದೊಡ್ಡಮ್ಮನನ್ನು ಡಾಕ್ಟರುಗಳೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಸಿಸ್ಟರುಗಳು ಬಂದು ಹೋದರು, ಗೋಡೆಯ ಬಣ್ಣ ಮೂರು ಸಲ ಬದಲಾಯಿತು, ದೊಡ್ಡಮ್ಮ ಮಾತ್ರ ಇದ್ದಲ್ಲೇ ಇದ್ದಳು. ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟು ಮನೆಯೊಳಗೇ ಬೆಳೆದ ಈ ಹುಡುಗಿ ಮೂರು ದಿನ ‘ಹೂಂ’ ಬಿಟ್ಟು ಇನ್ನೊಂದು ಮಾತಾಡದಿದ್ದಾಗ, ಎಂಥ ಗುಮ್ಮನಗುಸುಕಿಯನ್ನು ತಂದು ತನ್ನ ಕೊರಳಿಗೆ ಕಟ್ಟಿದರಪ್ಪ ಎಂದು ನಕ್ಕು ಹಾಗೆ ಕರೆದಿದ್ದಳು. ಹೆಸರು ಅಂಟಿಕೊಂಡಿತು. ಬಾಯಿ ಕಟ್ಟಿದ್ದರೂ ಗುಮ್ಮಿಯ ಕಣ್ಣು ಕಟ್ಟಿರಲಿಲ್ಲ. ಮೂತ್ರದ ಚೀಲ ಖಾಲಿ ಮಾಡುವುದು, ಹೊದಿಕೆ ಬದಲಿಸುವುದು, ನೆಲ ಒರೆಸುವುದು ಅವಳ ಪಾಲಿನ ಕೆಲಸ. ಯಾವ ಮಂಚದವಳು ಯಾವ ಮಗ್ಗುಲಿಗೆ ಮಲಗುತ್ತಾಳೆ, ಯಾರ ಚೀಲ ಎಷ್ಟು ಹೊತ್ತಿಗೆ ತುಂಬುತ್ತದೆ ಎಂಬುದೆಲ್ಲ ಅವಳ ಮನಸ್ಸಿನಲ್ಲಿ ತಾನಾಗಿ ಕೂಡಿಕೊಳ್ಳುತ್ತಿತ್ತು.

ಎರಡನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ, ಆರನೆಯ ಮಂಚದಲ್ಲಿದ್ದ ಮುದುಕಿಯೊಬ್ಬರು ಅವಳ ಸೆರಗು ಹಿಡಿದರು. ಶಾಲೆಯಲ್ಲಿ ಟೀಚರಾಗಿದ್ದವರು, ಎದೆಯಲ್ಲಿ ಕಫ ಕಟ್ಟಿ ಸೇರಿದ್ದರು. ತುಂಬ ಮರ್ಯಾದೆಯಿಂದ ಹೇಳಿದರು.

“ಆ ಮೂಲೇಲಿ ನಿಂತಿದಾಳಲ್ಲ, ಅವಳಿಗೊಂದು ಸ್ಟೂಲ್ ಕೊಡಮ್ಮ. ಪಾಪ, ಬೆಳಗಿನಿಂದ ನಿಂತೇ ಇದಾಳೆ.”

ಗುಮ್ಮಿ ತಿರುಗಿ ನೋಡಿದಳು. ಮೂಲೆಯಲ್ಲಿ ಬಿಸಿಲಿನ ಒಂದು ತುಂಡು ಬಿದ್ದಿತ್ತು, ಅಷ್ಟೇ. ಅವಳ ಹಿಂದೆ ದೊಡ್ಡಮ್ಮ ನಿಂತಿದ್ದಳು. ಅವಳು ಅಲಮಾರು ತೆರೆದು ಒಗೆದ ಬಿಳಿ ಹೊದಿಕೆಯೊಂದನ್ನು ತೆಗೆದಳು, ಎಂಟು ಮಡಿಕೆ ಮಾಡಿದಳು, ಆರನೆಯ ಮಂಚದ ಕೆಳಗಿನ ಕಬ್ಬಿಣದ ಪಟ್ಟಿಯ ಮೇಲೆ ಇಟ್ಟಳು. ಮರುದಿನ ಬೆಳಿಗ್ಗೆ ಟೀಚರಮ್ಮನ ಮುಖದ ಮೇಲೆ ಎಳೆದದ್ದು ಅದೇ ಹೊದಿಕೆ.

ಟೀ ಕುಡಿಯುವ ಹೊತ್ತಿನಲ್ಲಿ ದೊಡ್ಡಮ್ಮ ಇದನ್ನು ಕೆಲಸದ ಪಾಠದ ಹಾಗೆ ಹೇಳಿಕೊಟ್ಟಳು. ಮೂಲೆಯವಳು ಕಂಡಳೆಂದರೆ ಒಂದು ದಿನ, ಹೆಚ್ಚೆಂದರೆ ಎರಡು. ಆಮೇಲೆ ಹೊದಿಕೆಗಾಗಿ ನಾವು ಅತ್ತಿತ್ತ ಓಡುವುದನ್ನು ಮನೆಯವರು ನೋಡಬಾರದು, ಅದಕ್ಕೇ ಮೊದಲೇ ಇಟ್ಟಿರಬೇಕು. ಸಿಸ್ಟರುಗಳಿಗೆ ಹೇಳಬೇಡ, ನಗುತ್ತಾರೆ. ಅವಳ ದನಿಯಲ್ಲಿ ಕ್ರೌರ್ಯ ಇರಲಿಲ್ಲ. ಮಳೆ ಬರುವ ಮುನ್ನ ಬಟ್ಟೆ ಒಳಗೆ ತರುವವಳ ಎಚ್ಚರ ಇತ್ತು.

ಆಮೇಲಿನ ಒಂಬತ್ತು ತಿಂಗಳಲ್ಲಿ ಏಳು ಜನ ಮೂಲೆಯವಳನ್ನು ಕಂಡರು. ಒಬ್ಬರಿಗೊಬ್ಬರು ಗುರುತಿಲ್ಲ. ಒಬ್ಬಳು ಬಾಣಂತಿ, ಒಬ್ಬಳಿಗೆ ಹಲ್ಲಿನ ಬಾವು, ಒಬ್ಬಳಿಗೆ ಅಡುಗೆಮನೆಯ ಸುಟ್ಟಗಾಯ. ಆದರೂ ಎಲ್ಲರೂ ಅವಳನ್ನು ಕೂರಿಸು ಎಂದೇ ಹೇಳುತ್ತಿದ್ದರು. ಎಂಟು ಮಡಿಕೆಯ ಬಟ್ಟೆ ಬಳಕೆಯಾಗದೆ ಅಲಮಾರಿಗೆ ಮರಳಿದ್ದು ಎರಡೇ ಸಲ.

ಗುಮ್ಮಿ ಇನ್ನೂ ಒಂದಷ್ಟನ್ನು ನೋಡಿದ್ದಳು. ಮೂಲೆಯವಳು ಕಾಣುವ ಮೊದಲು ಅವರ ಉಸಿರು ಜೋರಾಗುತ್ತಿತ್ತು, ಮಲಗಿದ್ದಲ್ಲೇ ಮೂರು ಮಹಡಿ ಹತ್ತಿ ಬಂದವರ ಹಾಗೆ. ಮೂತ್ರದ ಚೀಲ ಬೆಳಿಗ್ಗೆ ಇದ್ದಲ್ಲೇ ಮಧ್ಯಾಹ್ನವೂ ಇರುತ್ತಿತ್ತು. ಹೊದಿಕೆ ಸರಿಪಡಿಸುವಾಗ ಪಾದ ತಣ್ಣಗೆ ತಾಗುತ್ತಿತ್ತು, ಮೊಣಕಾಲ ಮೇಲೆ ನೇರಳೆ ಬಣ್ಣದ ಬಲೆಯಂಥದ್ದು ಮೂಡುತ್ತಿತ್ತು. ಇದನ್ನೆಲ್ಲ ಯಾರಿಗೆ ಹೇಳುವುದು, ಹೇಗೆ ಶುರು ಮಾಡುವುದು ಎಂದು ಅವಳಿಗೆ ತಿಳಿಯಲಿಲ್ಲ.

ಆ ವರ್ಷ ಹೊಸದಾಗಿ ಬಂದ ಡಾಕ್ಟರಮ್ಮ ಗಿಡ್ಡಗೆ, ಚುರುಕಾಗಿದ್ದರು. ಒಂದು ದಿನ ಸಿಸ್ಟರುಗಳನ್ನೆಲ್ಲ ಮೇಜಿನ ಸುತ್ತ ಕೂರಿಸಿ ಪಾಠ ಮಾಡಿದರು. ಗುಮ್ಮಿ ಆಗ ಕಿಟಕಿಯ ಗಾಜು ಒರೆಸುತ್ತಿದ್ದಳು. ದೇಹದಲ್ಲಿ ಎಲ್ಲೋ ಒಂದು ಕಡೆ ಸೋಂಕು ಆಗುತ್ತದೆ, ಅದರೊಡನೆ ಹೋರಾಡಲು ಹೋಗಿ ದೇಹ ತನ್ನನ್ನೇ ಹಾಳುಮಾಡಿಕೊಳ್ಳುತ್ತದೆ, ಅದಕ್ಕೆ ಸೆಪ್ಸಿಸ್ ಎನ್ನುತ್ತಾರೆ, ಜನ ನಂಜು ಏರಿತು ಎನ್ನುವುದು ಇದಕ್ಕೇ ಎಂದರು. ಜ್ವರ ಬಂದೇ ಬರಬೇಕೆಂದಿಲ್ಲ, ಕೆಲವರ ಮೈ ತಣ್ಣಗಾಗುತ್ತದೆ. ಉಸಿರು ಹೆಚ್ಚುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಮಿದುಳು ಮಂಕಾಗಿ ಇಲ್ಲದ್ದು ಇದ್ದಹಾಗೆ ಕಾಣುತ್ತದೆ. ಮೊದಲ ಗಂಟೆಯಲ್ಲೇ ಔಷಧಿ ಶುರುವಾದರೆ ಬಹಳ ಜನ ಎದ್ದು ಮನೆಗೆ ಹೋಗುತ್ತಾರೆ. ಕೊನೆಗೆ ಅವರು ಮೇಜು ತಟ್ಟಿ ಹೇಳಿದರು. “ಮೊದಲು ಯಾರ ಕಣ್ಣಿಗೆ ಬೀಳುತ್ತೋ ಅವರು ಹೇಳ್ಬೇಕು. ಅದು ಯಾರಾದ್ರೂ ಸರಿ.”

ಗುಮ್ಮಿಯ ಕೈ ಗಾಜಿನ ಮೇಲೆ ನಿಂತುಬಿಟ್ಟಿತು. ಗಾಜಿನಲ್ಲಿ ವಾರ್ಡಿನ ಪ್ರತಿಬಿಂಬ ಮೂಡಿತ್ತು: ಮಂಚಗಳು, ಸಿಸ್ಟರುಗಳ ಬೆನ್ನು, ಬೇಸಿನ್ನು, ಮೂಲೆ. ಅವಳು ಬೇಗ ಕಣ್ಣು ಬೇರೆ ಕಡೆ ಹೊರಳಿಸಿದಳು.

ವಾರ ಕಳೆಯುವಷ್ಟರಲ್ಲಿ ಒಂಬತ್ತನೆಯ ಮಂಚದವಳು ಮೂಲೆಯನ್ನು ದಿಟ್ಟಿಸತೊಡಗಿದಳು. ತರಕಾರಿ ಮಾರುವವಳು, ಹಿಮ್ಮಡಿಗೆ ಮೊಳೆ ಚುಚ್ಚಿ ಕೀವಾಗಿತ್ತು. ಹಿಂದಿನ ದಿನ ಇಡೀ ವಾರ್ಡನ್ನು ನಗಿಸಿದ್ದವಳು. “ಏನೋ ಹೇಳೋಕೆ ಬಾಯಿ ತೆರೀತಾಳೆ ಕಣೆ, ಆದ್ರೆ ಹೇಳಲ್ಲ. ಏನು ಅಂತ ಕೇಳು ಸ್ವಲ್ಪ” ಎಂದಳು. ಚೀಲ ಬೆಳಗಿನಷ್ಟೇ ಇತ್ತು.

ಗುಮ್ಮಿ ಸಿಸ್ಟರ್ ಮೇಜಿನ ಬಳಿ ಹೋಗಿ ನಿಂತಳು. ಸಿಸ್ಟರ್ ಬರೆಯುತ್ತಲೇ, ಏನೇ ಎಂದರು. ಮೂಲೆಯಲ್ಲಿ ಯಾರೋ ನಿಂತಿದ್ದಾರಂತೆ ಎಂದು ಹೇಗೆ ಹೇಳುವುದು? ಏನಿಲ್ಲ ಎಂದು ವಾಪಸು ಬಂದಳು. ಅಷ್ಟರಲ್ಲಿ ದೊಡ್ಡಮ್ಮ ಮಂಚದ ಕೆಳಗೆ ಬಟ್ಟೆ ಇಟ್ಟಾಗಿತ್ತು. ಸಂಜೆಯ ರೌಂಡಿಗೆ ಬಂದ ಡಾಕ್ಟರಮ್ಮ ಓಡಾಡಿದರು, ಬೈದರು, ಸೂಜಿ ಹಾಕಿಸಿದರು. ಮರುದಿನ ಹನ್ನೊಂದು ಗಂಟೆಗೆ ಎಂಟು ಮಡಿಕೆ ಬಿಚ್ಚಿತು.

ಆ ದಿನ ಬೇಸಿನ್ನಿನಲ್ಲಿ ಕೈ ತೊಳೆಯುವಾಗ ಗುಮ್ಮಿ ಮರೆತು ಮೂಲೆಗೆ ಬೆನ್ನು ಹಾಕಿ ನಿಂತಳು. ಕತ್ತಿನ ಹಿಂದೆ ಒಂದು ಸಣ್ಣ ಸದ್ದು ಕೇಳಿಸಿತು, ಮಾತಾಡುವ ಮುನ್ನ ಯಾರೋ ಉಸಿರು ಎಳೆದುಕೊಂಡ ಹಾಗೆ. ಅವಳು ಕಾದಳು. ಮಾತು ಬರಲಿಲ್ಲ.

ಮನೆಯಲ್ಲಿ ಅವಳು ಇದರ ಸುದ್ದಿಯೇ ಎತ್ತಲಿಲ್ಲ. ಮನೆಯೆಂದರೆ ಅಣ್ಣ ಮತ್ತು ಅತ್ತಿಗೆ. ಅಮ್ಮ ತೀರಿಕೊಂಡ ಮೇಲೆ ಗುಮ್ಮಿಗೆ ತಲೆ ಬಾಚಿದ್ದು, ಮೈನೆರೆದಾಗ ಹೆದರಬೇಡ ಎಂದದ್ದು, ಆಸ್ಪತ್ರೆಯ ಕೆಲಸಕ್ಕೆ ಕೈ ಹಿಡಿದು ಕರೆದುಕೊಂಡು ಹೋದದ್ದು ಎಲ್ಲ ಅತ್ತಿಗೆಯೇ. ಅವಳು ಬಟ್ಟೆ ಫ್ಯಾಕ್ಟರಿಯಲ್ಲಿ ಅಂಗಿಯ ಕಾಲರು ಹೊಲಿಯುತ್ತಿದ್ದಳು. ಮಿಷನ್ ಬಿಟ್ಟು ಎದ್ದವರನ್ನು ಸೂಪರ್‌ವೈಸರ್ ಬರೆದಿಟ್ಟುಕೊಳ್ಳುತ್ತಿದ್ದುದರಿಂದ ಅಲ್ಲಿನ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಹತ್ತು ದಿನದಿಂದ ಅತ್ತಿಗೆಗೆ ಉರಿಮೂತ್ರ. ಅಂಗಡಿಯ ಮಾತ್ರೆ ಎರಡು ನುಂಗಿದಳು, ಕಡಿಮೆಯಾಯಿತೆಂದು ಬಿಟ್ಟಳು. ಆಮೇಲೆ ಸೊಂಟದ ಮೇಲೆ ಒಂದು ಕಡೆ ನೋವು ಶುರುವಾಯಿತು.

ಭಾನುವಾರ ಮಧ್ಯಾಹ್ನ ಅತ್ತಿಗೆ ಎರಡು ಕಂಬಳಿ ಹೊದ್ದು ಮಲಗಿದ್ದಳು. ಅಣ್ಣ ಥರ್ಮಾಮೀಟರ್ ಇಟ್ಟು ನೋಡಿ, ಜ್ವರವೇ ಇಲ್ಲ, ಬರೀ ಸುಸ್ತು, ಒಂದು ನಿದ್ದೆ ಮಾಡಲಿ ಎಂದ. ಗುಮ್ಮಿ ಹಾಸಿಗೆಯ ಪಕ್ಕ ಕೂತು ಹಗ್ಗದಿಂದ ತೆಗೆದು ತಂದ ಬಟ್ಟೆ ಮಡಿಸುತ್ತಿದ್ದಳು. ಅತ್ತಿಗೆ ಕಣ್ಣು ತೆರೆದು ಅವಳ ಭುಜದ ಆಚೆ ನೋಡಿದಳು.

“ಬಾಗಿಲ ಹತ್ರ ಎಷ್ಟೊತ್ತಿಂದ ನಿಂತಿದಾಳೆ ನೋಡು. ಅವಳಿಗೆ ಕೂತ್ಕೊಳ್ಳೋಕೆ ಹೇಳೇ.”

ಬಾಗಿಲು ಹಾಕಿತ್ತು. ಬಾಗಿಲ ಬಳಿ ಅಣ್ಣನ ಚಪ್ಪಲಿ ಬಿಟ್ಟು ಏನೂ ಇರಲಿಲ್ಲ. ಗುಮ್ಮಿ ಕೆಳಗೆ ನೋಡಿದಳು. ಅವಳ ಮಡಿಲಲ್ಲಿ ಬಿಳಿಯ ಹಾಸು ಇತ್ತು. ಅವಳ ಕೈಗಳು ಅವಳನ್ನು ಕೇಳದೆಯೇ ಅದನ್ನು ಮಡಿಸುತ್ತಿದ್ದವು. ಎರಡು, ನಾಲ್ಕು. ಎಂಟನೆಯ ಮಡಿಕೆಗೆ ಹೆಬ್ಬೆರಳು ಗೆರೆ ಎಳೆಯುತ್ತಿತ್ತು.

ಕೆಂಡ ಮುಟ್ಟಿದವಳಂತೆ ಅವಳು ಬಟ್ಟೆಯನ್ನು ಕೊಡವಿ ಬಿಚ್ಚಿದಳು. ಅತ್ತಿಗೆಯ ಪಾದ ಮುಟ್ಟಿದಳು, ತಣ್ಣಗಿತ್ತು. ಗೋಡೆಯ ಗಡಿಯಾರ ನೋಡುತ್ತಾ ಒಂದು ನಿಮಿಷ ಉಸಿರು ಎಣಿಸಿದಳು. ಮೂವತ್ತೆರಡು. ಬೆಳಿಗ್ಗೆಯಿಂದ ಅತ್ತಿಗೆ ಬಚ್ಚಲಿಗೆ ಎದ್ದೇ ಇರಲಿಲ್ಲ; ಹೋದೆಯಾ ಎಂದು ಕೇಳಿದರೆ ಬಾಗಿಲನ್ನೇ ನೋಡುತ್ತಿದ್ದಳು.

ಆಟೊ ತಾ ಎಂದಳು ಗುಮ್ಮಿ. ನಾಳೆ ನೋಡೋಣ, ಭಾನುವಾರ ಯಾರು ಇರುತ್ತಾರೆ ಎಂದು ಅಣ್ಣ ರಾಗ ಎಳೆದ. ಅವಳು ಅವನ ಮುಖ ನೋಡಿ, “ನಾಳೆಗೆ ಅತ್ತಿಗೆ ಇರಲ್ಲ ಅಣ್ಣ” ಎಂದಳು. ತಂಗಿಯ ಬಾಯಲ್ಲಿ ಅಂಥ ದನಿ ಕೇಳಿರದ ಅಣ್ಣ ಚಪ್ಪಲಿ ಹಾಕದೆಯೇ ಓಡಿದ.

ಅದೇ ಬಿಳಿಯ ಹಾಸನ್ನು ಅತ್ತಿಗೆಗೆ ಸುತ್ತಿ ಆಟೊ ಹತ್ತಿಸಿದರು. ದಾರಿಯುದ್ದಕ್ಕೂ ಅತ್ತಿಗೆ ಸರಿದು ಸರಿದು ಕೂರುತ್ತಿದ್ದಳು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಡುವವಳಂತೆ. ಕೊನೆಗೆ ಗುಮ್ಮಿಯೂ ಆ ಖಾಲಿ ಜಾಗಕ್ಕೆ ಮೊಣಕೈ ತಾಗಿಸದೆ ಮುದುರಿ ಕೂತಳು.

ಗುಮ್ಮಿ ಕೆಲಸ ಮಾಡುವ ಆಸ್ಪತ್ರೆಯದೇ ತುರ್ತು ವಿಭಾಗ, ಆದರೂ ಅವಳ ಗುರುತಿಲ್ಲದ ಕೌಂಟರಿನವನು ಜ್ವರ ಎಷ್ಟು ಎಂದ. ತೊಂಬತ್ತಾರು ಎಂದಳು. ಹಾಗಾದರೆ ಅವಸರವಿಲ್ಲ, ಬೆಂಚಿನ ಮೇಲೆ ಕೂತಿರಿ, ಕರೆಯುತ್ತೇವೆ ಎಂದ. ಬೆಂಚಿನಲ್ಲಿ ಇಪ್ಪತ್ತು ಜನ ಇದ್ದರು. ಗುಮ್ಮಿ ಎರಡು ಹೆಜ್ಜೆ ಹಿಂದೆ ಸರಿದಳು. ಅಷ್ಟರಲ್ಲಿ ಕತ್ತಿನ ಹಿಂದೆ ಆ ಸದ್ದು ಕೇಳಿಸಿತು, ಮಾತಾಡುವ ಮುನ್ನ ಉಸಿರು ಎಳೆದುಕೊಳ್ಳುವ ಸದ್ದು. ಈ ಸಲ ಅದು ತನ್ನದೋ ಇನ್ನೊಬ್ಬರದೋ ಅವಳಿಗೆ ಗೊತ್ತಾಗಲಿಲ್ಲ.

“ನಂಜು ಏರಿದೆ ಇವಳಿಗೆ,” ಎಂದಳು. ದನಿ ಅವಳು ನೆನೆಸಿದ್ದಕ್ಕಿಂತ ದೊಡ್ಡದಾಗಿ ಬಂತು. “ಉಸಿರು ನಿಮಿಷಕ್ಕೆ ಮೂವತ್ತೆರಡು. ಬೆಳಿಗ್ಗೆಯಿಂದ ಮೂತ್ರ ಇಲ್ಲ. ಹತ್ತು ದಿನದಿಂದ ಉರಿ ಇತ್ತು. ಇಲ್ಲದವರು ಕಾಣ್ತಿದಾರೆ. ಜ್ವರ ಇರ್ಲೇಬೇಕು ಅಂತಿಲ್ಲ, ಡಾಕ್ಟರಮ್ಮನೇ ಹೇಳಿದಾರೆ. ಕರೀರಿ ಅವರನ್ನ.”

ಬೆಂಚಿನವರೆಲ್ಲ ತಿರುಗಿದರು. ಪರದೆ ಸರಿಸಿಕೊಂಡು ಹೊರಬಂದದ್ದು ಅದೇ ಗಿಡ್ಡ ಡಾಕ್ಟರಮ್ಮ. ಗುಮ್ಮಿಯನ್ನು ನೋಡಲಿಲ್ಲ, ನೇರ ಅತ್ತಿಗೆಯ ಉಗುರು ಒತ್ತಿ ನೋಡಿದರು, ಬಿ.ಪಿ. ನೋಡಿದರು, ಆಮೇಲೆ ಯಾರೂ ಕೂರಲಿಲ್ಲ. ಪರೀಕ್ಷೆಗೆ ರಕ್ತ ತೆಗೆದರು, ಎರಡೂ ಕೈಗೆ ಡ್ರಿಪ್ ಏರಿಸಿದರು, ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟರು. ಎಲ್ಲ ಮುಗಿದಾಗ ಗುಮ್ಮಿ ಗಡಿಯಾರ ನೋಡಿದಳು. ನಲವತ್ತು ನಿಮಿಷವಾಗಿತ್ತು. ಸೋಂಕು ಮೂತ್ರಪಿಂಡದಿಂದ ರಕ್ತಕ್ಕೆ ಇಳಿದಿದೆ, ಇನ್ನೆರಡು ದಿನ ಏನೂ ಹೇಳಲಾಗದು ಎಂದರು.

ಐಸಿಯುವಿನಲ್ಲಿ ಜಾಗವಿರಲಿಲ್ಲ. ಹೆಂಗಸರ ವಾರ್ಡಿನಲ್ಲಿ, ಸಿಸ್ಟರ್ ಮೇಜಿನ ಎದುರಿನ ಮಂಚಕ್ಕೆ ತಂದು ಮಲಗಿಸಿದರು. ಸಂಜೆ ಅತ್ತಿಗೆ ಮೂಲೆಯ ಕಡೆ ಮುಖ ಮಾಡಿ ಏನೋ ಗೊಣಗಿದಳು. ದೊಡ್ಡಮ್ಮ ಅದನ್ನು ನೋಡಿದಳು. ಅಲಮಾರಿನ ಬಾಗಿಲು ಕಿರ್ರೆಂದಿತು. ಎಂಟು ಮಡಿಕೆಯ ಬಟ್ಟೆ ಹಿಡಿದು ಅವಳು ಬಗ್ಗುವಷ್ಟರಲ್ಲಿ ಗುಮ್ಮಿ ಅದನ್ನು ಅವಳ ಕೈಯಿಂದ ತೆಗೆದುಕೊಂಡಳು, ಒಂದೊಂದೇ ಮಡಿಕೆ ಬಿಚ್ಚಿದಳು, ಅತ್ತಿಗೆಯ ಕಾಲ ಮೇಲೆ ಹೊದಿಸಿದಳು.

“ಅವಳು ಕರ್ಕೊಂಡು ಹೋಗೋಕೆ ಬರಲ್ಲ, ದೊಡ್ಡಮ್ಮ. ಹೇಳೋಕೆ ಬರ್ತಾಳೆ. ನಾವು ಕೇಳಿಸ್ಕೊಂಡು ಸುಮ್ನಿರ್ತೀವಿ.”

ದೊಡ್ಡಮ್ಮ ಮಂಚದ ಅಂಚಿನಲ್ಲಿ ಕೂತಳು. ರೋಗಿಯ ಮಂಚದ ಮೇಲೆ ಅವಳು ಕೂತದ್ದನ್ನು ಯಾರೂ ಕಂಡಿರಲಿಲ್ಲ. “ಹಾಗಾದ್ರೆ ಇಷ್ಟು ವರ್ಷ...” ಎಂದಳು. ಅವಳ ಬೆರಳುಗಳು ಗಾಳಿಯಲ್ಲೇ ಏನನ್ನೋ ಮಡಿಸುತ್ತಿದ್ದವು.

ಮೂರನೆಯ ದಿನ ಮೂತ್ರದ ಚೀಲ ತುಂಬತೊಡಗಿತು. ಐದನೆಯ ದಿನ ಅತ್ತಿಗೆ ಎದ್ದು ಕೂತು, ನಿನ್ನ ತಲೆ ಏನೇ ಹೀಗೆ ಹಕ್ಕಿಗೂಡಾಗಿದೆ ಎಂದು ಬೈದು ಬಾಚಣಿಗೆ ಕೇಳಿದಳು. ಗುಮ್ಮಿ ಅವಳ ಮುಂದೆ ನೆಲದ ಮೇಲೆ ಕೂತಳು. ಜಡೆ ಅರ್ಧ ಆಗಿದ್ದಾಗ ಅತ್ತಿಗೆಯ ಕೈ ನಿಂತಿತು.

“ಅವತ್ತು ಆಟೋದಲ್ಲಿ ನಮ್ ಜೊತೆ ಬಂದ್ಲಲ್ಲ, ಯಾರೇ ಅವಳು? ಕೈಯಲ್ಲಿ ಮಡಿಸಿದ ಬಿಳೀ ಬಟ್ಟೆ ಇತ್ತು. ಬಾಯಿ ತೆರೆಯೋದು, ಮುಚ್ಚೋದು. ನೋಡೋಕೇ ಸಂಕಟ ಆಗ್ತಿತ್ತು. ನೀನು ಕೌಂಟರ್ ಹತ್ರ ಮಾತಾಡೋಕೆ ಶುರು ಮಾಡಿದ್ಯಲ್ಲ, ಆಗ ಉಸ್ಸಂತ ಕೂತ್ಕೊಂಡ್ಲು.”

ಅವಳ ಮುಖ ಹೇಗಿತ್ತು ಎಂದು ಗುಮ್ಮಿ ಕೇಳಿದಳು. ಅತ್ತಿಗೆ ಅವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ನೆನಪಿಲ್ಲ ಎಂದಳು. ಜಡೆಯನ್ನು ಬೇಗ ಬೇಗ ಹೆಣೆದು ಮುಗಿಸಿದಳು.

ಅತ್ತಿಗೆ ಮನೆಗೆ ಹೋದ ಮರುವಾರ, ಬೆಳಗಿನ ಕೆಲಸದ ನಡುವೆ ವಾರ್ಡಿನ ಆ ತುದಿಯಿಂದ ದೊಡ್ಡಮ್ಮನ ದನಿ ಕೇಳಿಸಿತು. “ಸಿಸ್ಟರ್, ಬರೆಯೋದು ಬಿಟ್ಟು ಇಲ್ಲಿ ಬನ್ನಿ. ನಾಲ್ಕನೇ ನಂಬರಿನವಳು ಮೂಲೆ ನೋಡ್ತಿದಾಳೆ.” ಯಾರೂ ನಗಲಿಲ್ಲ. ಒಬ್ಬ ಸಿಸ್ಟರ್ ಡಾಕ್ಟರಮ್ಮನಿಗೆ ಫೋನ್ ಮಾಡಿದರು, ಇನ್ನೊಬ್ಬರು ಡ್ರಿಪ್ ಸ್ಟ್ಯಾಂಡ್ ಎಳೆದು ತಂದರು. ಗುಮ್ಮಿ ನೆಲ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಕೈ ತೊಳೆದು ಬಂದು, ಮೂಲೆಗೆ ಬೆನ್ನು ಹಾಕಿ ನಿಂತು ಉಸಿರು ಎಣಿಸತೊಡಗಿದಳು.

ನಾಲ್ಕನೆಯ ಮಂಚದವಳು ಅವಳ ಭುಜದ ಆಚೆ ನೋಡುತ್ತಿದ್ದಳು. ಒಂದು ಗಳಿಗೆಗೆ ಅವಳ ಮುಖ ಸಡಿಲವಾಯಿತು.

“ಸದ್ಯ,” ಎಂದಳು ಸಣ್ಣಗೆ. “ಕೂತಳು.”

ಗುಮ್ಮಿ ತಿರುಗಲಿಲ್ಲ. ನಿಮಿಷ ತುಂಬಲು ಇನ್ನೂ ಸ್ವಲ್ಪ ಇತ್ತು. ಇಪ್ಪತ್ತೇಳು, ಇಪ್ಪತ್ತೆಂಟು.