ಕರೆಮ್ಮನಿಗಿಟ್ಟ ಅಂಗಿ

ಮಾನ್ವಿಯ ನಮ್ಮ ಓಣಿಯಲ್ಲಿ ಒಂದು ಕೂಸನ್ನೂ ಮಣ್ಣಿಗೆ ಕೊಡದ ಮನೆ ನಮ್ಮದೊಂದೇ. ಅದಕ್ಕೇ ನಾವು ತೊಟ್ಟು ಬಿಟ್ಟ ಅಂಗಿಗಳನ್ನು ಜನ ಬೇಡಿ ಒಯ್ಯುತ್ತಿದ್ದರು. ಹುಟ್ಟಿದ ಐದನೇ ದಿನ ರಾತ್ರಿ ದೇವತೆ ಸೆಟವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ. ಬದುಕಿದ ಮಕ್ಕಳು ಕೂಸಾಗಿದ್ದಾಗ ತೊಟ್ಟ ಅಂಗಿ ಮೈಮೇಲಿದ್ದರೆ, ಇದೂ ಆ ಮನೆಯದೇ ಎಂದುಕೊಂಡು ಆಯುಷ್ಯ ಬರೆದು ಹೋಗುತ್ತಾಳೆ ಎಂದು ಅಜ್ಜಿ ಹೇಳುತ್ತಿದ್ದಳು. ಅಜ್ಜಿ ಹೇಳುವಾಗ ನನಗೆ ಸೆಟವಿಯ ಬಳೆಯ ಸದ್ದೂ ಕೇಳಿಸುತ್ತಿತ್ತು.

ಹಿಂದಿನ ಓಣಿಯ ಕರೆಮ್ಮ ಎರಡು ಕೂಸು ಕಳೆದುಕೊಂಡವಳು. ಮೂರನೆಯದಕ್ಕೆ ದಿನ ತುಂಬಿದಾಗ ಬಂದು ಅವ್ವನ ಮುಂದೆ ಸೆರಗೊಡ್ಡಿದಳು. ಹೆರುವ ಮುಂಚೆ ಒಯ್ಯುವಂತಿಲ್ಲ. ಹೆತ್ತ ಮೇಲೆ ಗಂಡ ಮೊರ ಹಿಡಿದು ಬಂದು ಬೇಡಬೇಕು. ನಾವೆಲ್ಲ ತೊಟ್ಟಿದ್ದ ಹಳದಿ ಅಂಗಿಯನ್ನು ಅವ್ವ ಗೂಟಕ್ಕೆ ಹಾಕಿಟ್ಟಳು.

ಅಷ್ಟರಲ್ಲಿ ದೇವದುರ್ಗದಿಂದ ಅಪ್ಪನ ತಂಗಿ ಪಾರ್ವತೆಮ್ಮ ಬಂದಳು. ಬಂದಾಗಲೆಲ್ಲ ಹಳೇ ಬಟ್ಟೆ ಒಯ್ಯುವುದು ಅವಳ ರೂಢಿ. ಅವ್ವ ಟ್ರಂಕು ತೆರೆದಳು.

"ಏನ್ ಅತ್ತಿಗೀ, ಇದಕ್ಕ ಗುಂಡಿ ಇಲ್ಲ, ಇದರ ಕಂಕಳ ಹರದದ. ಭಿಕ್ಷಾ ಹಾಕಿದಂಗ ಹಾಕಾಕತ್ತೀಯಲ್ಲ!" ಎನ್ನುತ್ತಲೇ ಎಲ್ಲವನ್ನೂ ಗಂಟು ಕಟ್ಟಿದಳು. ಆಮೇಲೆ ಗೂಟದತ್ತ ಕೈ ಚಾಚಿದಳು.

"ಅದು ಕರೆಮ್ಮಗ ಇಟ್ಟದ್ದವ್ವಾ," ಅಂದಳು ಅವ್ವ.

"ಹೌದೌದು. ಹೊರಗಿನೋರಿಗಿ ಗೂಟದ ಅಂಗಿ, ಮನಿ ಮಗಳಿಗಿ ಹರಕು ಗಂಟು. ತವರಾಗ ನಂಗ ಒಂದು ಅಂಗಿಗೂ ಹಕ್ಕಿಲ್ಲೇನು?"

"ನಿನ್ನ ಮಕ್ಕಳಿಗಿ ಮೀಸಿ ಬಂದಾವು. ಯಾರಿಗಿ ತೊಡಸ್ತಿ?"

"ತೊಡಸ್ತೀನೋ, ಒಲಿಗಿ ಹಾಕ್ತೀನೋ! ಕೊಡೋರು ಕೇಳಬಾರದು."

ಅತ್ತೆ ಗೋಡೆಗೊರಗಿ ಅಳತೊಡಗಿದಳು. ಮೂಲೆಯಲ್ಲಿದ್ದ ಅಜ್ಜಿಗೆ ಮಗಳ ಅಳು ತಡೆಯಲಾಗಲಿಲ್ಲ. "ಕೊಟ್ಟುಬಿಡವ್ವಾ. ಮಗಳು ಅಳಕೊಂತ ಹೊಸ್ತಿಲು ದಾಟಿದ್ರ ಮನಿಗಿ ಚಲೋ ಅಲ್ಲ. ಕರೆಮ್ಮಗ ಬ್ಯಾರೆದೊಂದು ಕೊಟ್ಟರಾತು."

ಬೇರೆಯದೆಲ್ಲ ಗಂಟಿನಲ್ಲಿತ್ತು. ಅತ್ತೆ ಗಂಟು ಬಿಚ್ಚಲಿಲ್ಲ; ಹಳದಿ ಅಂಗಿಯನ್ನೂ ಅದರ ಮೇಲಿಟ್ಟುಕೊಂಡು ಹೋದಳು.

ಕರೆಮ್ಮ ಗಂಡು ಹೆತ್ತಳು. ಐದನೇ ದಿನ ಬೆಳಿಗ್ಗೆ ಅವಳ ಗಂಡ ತಾಯಣ್ಣ ಮೊರ ಹಿಡಿದು ಬಂದ. ಅವ್ವ ತಲೆ ತಗ್ಗಿಸಿ ಹೊಸ ಬಟ್ಟೆ ಮುಂದಿಟ್ಟಳು.

"ಹೊಸಾದು ಬ್ಯಾಡ್ರೀ ಯವ್ವಾ. ಹೋದ ಎರಡಕ್ಕೂ ಹೊಸಾದೇ ತೊಡಸಿದ್ವಿ."

ಹಳದಿ ಅಂಗಿ ತರಲು ಅವ್ವ ನನ್ನನ್ನು ಅವನೊಂದಿಗೆ ದೇವದುರ್ಗದ ಬಸ್ಸು ಹತ್ತಿಸಿದಳು. ಬಸ್ಸಿನಲ್ಲಿ ಅವನು ಮೊರವನ್ನು ಯಾರಿಗೂ ತಾಗದಂತೆ ಎದೆಗವಚಿ ನಿಂತಿದ್ದ.

ಅತ್ತೆಯ ಅಂಗಳದಲ್ಲಿ ಹೊಸ ಸ್ಟೀಲ್ ಡಬರಿ ಹೊಳೆಯುತ್ತಿತ್ತು.

"ಅಂಗಿ? ಪಾತ್ರಿ ಮಾರಾಕಿಗಿ ಹಾಕಿದ್ನಲ್ಲ. ಅಷ್ಟು ಗಂಟಿಗಿ ಇದೊಂದೇ ಡಬರಿ ಕೊಟ್ಟು ಹೋದ್ಲು ನೋಡು. ಹಳದೀದು ಸಣ್ಣದಂತ ಲೆಕ್ಕಕ್ಕೇ ಹಿಡೀಲಿಲ್ಲ." ತಾಯಣ್ಣನನ್ನು ನೋಡಿ, "ಹಿಂಗ್ಯಾಕ ಮೊರ ಹಿಡ್ಕೊಂಡು ನಿಂತಿಯೋ? ಇಲ್ಲೇನು ಜ್ವಾಳ ಹಂಚಾಕತ್ತೀವೇನು?" ಅಂದಳು. ನಾವು ತಿರುಗಿದಾಗ ಹಿಂದಿನಿಂದ ಕೂಗಿದಳು: "ಮುಂದಿನ ಸಲ ಗುಂಡಿ ಇದ್ದವು ತೆಗೆದಿಡಂತ ನಿಮ್ಮವ್ವಗ ಹೇಳು!"

ಮುಸ್ಸಂಜೆಗೆ ಕರೆಮ್ಮನ ಮನೆ ಮುಟ್ಟಿದೆವು. ಸೆಟವಿಗೆ ಬರೆಯಲು ಬೆಳಕಿರಲೆಂದು ಕೂಸಿನ ತಲೆದೆಸೆಗೆ ಹಚ್ಚಿಟ್ಟಿದ್ದ ದೀಪದಲ್ಲಿ ಕರೆಮ್ಮ ಖಾಲಿ ಮೊರ ನೋಡಿದಳು. ಬಾಗಿ ದೀಪ ಆರಿಸಿದಳು.

"ಕತ್ತಲಾಗ ಆಕಿಗಿ ಬರಿಯಾಕ ಬರಲ್ಲ, ಹೌದಿಲ್ಲೇನವ್ವ? ನಿಮ್ಮಜ್ಜಿ ಏನರ ಹೇಳ್ಯಾಳೇನು?"

ಅಜ್ಜಿ ಹೇಳಿದ ಕಥೆಗಳನ್ನೆಲ್ಲ ಹುಡುಕಿದೆ. ಇದಕ್ಕೆ ಒಂದೂ ಇರಲಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಂಡಾಗ ಕಂಡದ್ದು ಇಷ್ಟು: ಬರಿಮೈಯ ಕೂಸು ಮಡಿಲಲ್ಲಿ, ಅದರ ಹಣೆ ಪೂರಾ ಮುಚ್ಚಿದ ಅವಳ ಅಂಗೈ.