ಹನ್ನೆರಡು ಕಾಪಿ

"ಕಿರುಚಬೇಡ, ಬರೆ," ಎಂದು ಅಶ್ಕರ್ ನೋಟ್‌ಬುಕ್ಕನ್ನು ಮೇಜಿನ ಮೇಲೆ ದೂಡಿದ. "ಕಿರುಚಿದ್ರೆ ನನಗೆ ಕೇಳುದಿಲ್ಲ, ಪಕ್ಕದ ಮನೆಯವರಿಗೆ ಕೇಳ್ತದೆ. ಅವರಿಗೆ ನನ್ನ ಸುದ್ದಿ ಈಗಾಗ್ಲೇ ಬೇಕಾದಷ್ಟು ಗೊತ್ತುಂಟು."

ಕೇಶವಪ್ರಸಾದ ಬಾಯಿ ಮುಚ್ಚಿದ. ಮುಳ್ಳೇರಿಯದಿಂದ ಎರಡು ಬಸ್ಸು ಬದಲಿಸಿ ಉಪ್ಪಳಕ್ಕೆ ಬರುವಷ್ಟು ಹೊತ್ತೂ ಅವನು ಹೇಳಬೇಕಾದ ಮಾತನ್ನು ಉರು ಹೊಡೆದಿದ್ದ. ಬರೆಯಬೇಕಾದೀತು ಎಂದು ಎಣಿಸಿರಲಿಲ್ಲ. ಹಿಂದಿನ ಸಲ ಬಂದಾಗ ಎಡಗಿವಿಯ ಹತ್ತಿರ ಬಾಯಿಟ್ಟು ಹೇಳಿದರೆ ಅಶ್ಕರನಿಗೆ ತಿಳಿಯುತ್ತಿತ್ತು. ಬಲಗಿವಿ ಹೋಗಿ ನಾಲ್ಕು ವರ್ಷವಾಗಿತ್ತು. ಈ ಮೂರು ತಿಂಗಳಲ್ಲಿ ಎಡದ್ದೂ ಹೋಯಿತು. ನರದ ತೊಂದರೆ, ಮದ್ದಿಲ್ಲ ಎಂದು ಮಂಗಳೂರಿನ ಡಾಕ್ಟರು ಹೇಳಿಬಿಟ್ಟಿದ್ದರು. ಕಿವಿಯ ಮಿಷನ್ ಹಾಕಿಕೊಂಡರೆ ಜಲ್ಲಿ ಕ್ರಷರಿನೊಳಗೆ ಕೂತ ಹಾಗಾಗುತ್ತದೆಂದು ಅಶ್ಕರ್ ಅದನ್ನು ಕಪಾಟಿಗೆ ಸೇರಿಸಿದ್ದ.

ನೋಟ್‌ಬುಕ್ಕು ಮಗಳು ಹಿಬಾ ತಂದುಕೊಟ್ಟದ್ದು. ನೋಡಲು ಬಂದವರೆಲ್ಲ ಅದರಲ್ಲೇ ಬರೆಯುತ್ತಿದ್ದರು. ಅಶ್ಕರ್ ಹಿಂದಿನ ಪುಟಗಳನ್ನು ಮಗುಚಿ ಓದಿ ಹೇಳಿದ.

"ಇದು ನನ್ನ ಭಾವ. 'ಎಲ್ಲ ಸರಿಯಾಗ್ತದೆ.' ಇದು ಮೇಲಿನ ಮನೆಯವರು. 'ದೇವರು ಕೈಬಿಡುದಿಲ್ಲ.' ಡಾಕ್ಟರೇ ಕೈಬಿಟ್ಟಾಗಿದೆ, ಇವರಿಗೆ ಗೊತ್ತಿಲ್ಲವಾ? ಇದು ಹಿಬಾ. 'ಉಪ್ಪಾ, ಮುಂದಿನ ವರ್ಷ ನಾವು ಒಟ್ಟಿಗೆ ಹಾಡು ಕೇಳುವ.' ನಲ್ವತ್ತು ಪುಟ ಆಯ್ತು ಮಾರಾಯ, ಪ್ರೀತಿಯಲ್ಲಿ ಬರೆದ ಸುಳ್ಳು." ಅವನ ಸ್ವರ ಒಮ್ಮೆ ಏರಿ ಒಮ್ಮೆ ಇಳಿಯುತ್ತಿತ್ತು. ತನ್ನ ದನಿ ತನಗೇ ಕೇಳದವನ ಮಾತು ಹಾಗೆಯೇ.

ಇವರಿಬ್ಬರ ಜಗಳದ ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಕಾಸರಗೋಡಿನ ಕಾಲೇಜಿನಲ್ಲಿ ಪ್ರೀಡಿಗ್ರಿಗೆ ಒಂದೇ ಬೆಂಚಿನಲ್ಲಿ ಕೂತವರು ಅವರು. ಆಗ ಇಬ್ಬರಿಗೂ ತಲೆತುಂಬ ಕೂದಲಿತ್ತು, ಇಬ್ಬರಿಗೂ ಥ್ರ್ಯಾಶ್ ಮೆಟಲ್ ಎಂಬ ಹುಚ್ಚು ಹಿಡಿದಿತ್ತು. ಗರಗಸ ಎಳೆದಂತೆ ಗಿಟಾರು, ಉಸಿರು ಬಿಡಲು ಪುರುಸೊತ್ತು ಕೊಡದ ಡ್ರಮ್ಮು, ನಡುವೆ ಒಬ್ಬನ ಬೊಬ್ಬೆ. ಮನೆಯವರ ಪ್ರಕಾರ ಅದು ಸಂಗೀತವಲ್ಲ, ರೋಗ. ಶಾರ್ಜಾದಲ್ಲಿದ್ದ ಅಶ್ಕರನ ಅಣ್ಣ ಮಹಮೂದ್ ತೊಂಬತ್ತೊಂದರಲ್ಲಿ ಊರಿಗೆ ಬಂದಾಗ ತಮ್ಮನಿಗೆಂದು ಒಂದು ಕ್ಯಾಸೆಟ್ ತಂದ. ಅಣ್ಣನಿಗೆ ಸಂಗೀತದ ಗಂಧಗಾಳಿಯಿಲ್ಲ. ಹೊದಿಕೆಯ ಮೇಲೆ ಹಣೆಗೆ ದೀಪ ಕಟ್ಟಿದ ಗಣಿ ಕೆಲಸಗಾರರ ಚಿತ್ರ ಕಂಡು ಎತ್ತಿಕೊಂಡಿದ್ದ. ಟಿನ್ ಬಿಷಪ್ ಎಂಬ ಇಂಗ್ಲೆಂಡಿನ ತಂಡ, 'ನೈಂತ್ ಶಿಫ್ಟ್' ಎಂಬ ಆಲ್ಬಂ. ಅದು ಹೊರಬಂದ ತಿಂಗಳೇ ಕ್ಯಾಸೆಟ್ ಕಂಪನಿಗೆ ಬೀಗ ಬಿದ್ದು, ಅವರ ಊರಿನಲ್ಲೂ ಅದನ್ನು ಕೇಳಿದವರು ಬೆರಳೆಣಿಕೆಯವರು.

ಅಶ್ಕರ್ ಅದನ್ನು ವಾಕ್‌ಮನ್‌ನಲ್ಲಿ ಕೇಳಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಅಪ್ಪನ ಕ್ಯಾಸೆಟ್ ಅಂಗಡಿಯಲ್ಲಿ ಕೂತು ಹನ್ನೆರಡು ಕಾಪಿ ಮಾಡಿ ಹನ್ನೆರಡು ಗೆಳೆಯರಿಗೆ ಹಂಚಿದ. ಉಪ್ಪಳದ ಸ್ಟೇಷನ್ ರಸ್ತೆಯ ಆ ಅಂಗಡಿಯಲ್ಲಿ ಅಪ್ಪನದ್ದೊಂದು ಕಟ್ಟುನಿಟ್ಟು: ಹೊರಗೆ ಕೇಳುವುದೇನಿದ್ದರೂ ಮಾಪಿಳ್ಳೆ ಪಾಟು, ಮಲಬಾರಿನ ಮುಸ್ಲಿಮರ ಹಾಡೇ ಆಗಬೇಕು. ಉಳಿದದ್ದೆಲ್ಲ ದನಿ ಪೂರಾ ಇಳಿಸಿ, ಟೇಪ್ ಡೆಕ್ಕಿನ ಮೀಟರಿನ ಮುಳ್ಳು ಕುಣಿಯುವುದನ್ನಷ್ಟೇ ನೋಡಿಕೊಂಡು ಡಬ್ ಮಾಡಬೇಕು. ಅಶ್ಕರ್ ಹಾಗೆಯೇ ಮಾಡಿದ. ಹುಡುಗ ಅಷ್ಟು ಶ್ರದ್ಧೆಯಿಂದ ಪರೀಕ್ಷೆಗೂ ಕೂತದ್ದಿಲ್ಲ.

ಹನ್ನೆರಡು ಮಂದಿಯೂ ಒಂದೇ ಮಾತು ಹೇಳಿದರು: ನಿದ್ದೆ ಬರುತ್ತದೆ. ಒಬ್ಬ ಅದರ ಮೇಲೆ ಸಿನಿಮಾ ಹಾಡು ತುಂಬಿಸಿದ. ಎಲ್ಲರಿಗಿಂತ ಕ್ರೂರವಾಗಿ ಹೇಳಿದವನು ಕೇಶವಪ್ರಸಾದ. "ಇದು ಥ್ರ್ಯಾಶ್ ಅಲ್ಲ ಮಾರಾಯ, ಎತ್ತಿನ ಗಾಡಿ. ಕೊನೆಯ ಹಾಡಂತೂ ಮುಗಿಯುದೇ ಇಲ್ಲ, ಅರ್ಧದಲ್ಲಿ ನಿಲ್ತದೆ." ಅರ್ಧದಲ್ಲಿ ನಿಲ್ಲುವುದು ಖಾಲಿ ಕ್ಯಾಸೆಟ್ ಮಾರಿದವನ ಮೋಸ, ಟೇಪು ಕಮ್ಮಿ ಸುತ್ತಿದ್ದಾನೆ ಎಂದು ಅಶ್ಕರ್ ವಾದಿಸಿದ. ಮರುವರ್ಷದ ಮಳೆಗಾಲಕ್ಕೆ ಮೂಲ ಕ್ಯಾಸೆಟ್ಟಿಗೆ ಬೂಸಲು ಹಿಡಿದು ಅದು ಮೂಲೆ ಸೇರಿತು. ನನ್ನದನ್ನು ಕೊಂಡುಹೋಗಿ ಕಾಪಿ ಮಾಡಿಕೋ ಎಂದು ಕೇಶವಪ್ರಸಾದ ಹೇಳಿದರೆ ಅಶ್ಕರ್ ಒಪ್ಪಲಿಲ್ಲ. "ಕಾಪಿಯ ಕಾಪಿ ನನಗೆ ಬೇಡ. ನನ್ನದು ತಲೆಯಲ್ಲುಂಟು."

ಅಲ್ಲಿಂದ ಮೂವತ್ತಮೂರು ವರ್ಷ ಆ ಜಗಳ ನಡೆದೇ ಇತ್ತು. ಅಶ್ಕರನ ನಿಕಾಹದ ದಿನ ಬಿರಿಯಾನಿಯ ಮುಂದೆ ನಡೆಯಿತು. ಕೇಶವಪ್ರಸಾದನ ಅಮ್ಮ ತೀರಿಹೋಗಿ ಬೊಜ್ಜದ ಊಟದ ಮಧ್ಯಾಹ್ನ, ಕಂಬಕ್ಕೊರಗಿ ಕೂತವನ ಪಕ್ಕ ಬಂದು ಕೂತ ಅಶ್ಕರ್ "ಆ ಡ್ರಮ್ಮರನ ವಿಷಯದಲ್ಲಿ ನೀನು ಹೇಳಿದ್ದು ತಪ್ಪು" ಎಂದು ಮೆಲ್ಲಗೆ ಸುರು ಮಾಡಿದ್ದ. ಆ ದಿನ ಕೇಶವಪ್ರಸಾದ ಬಾಯಿಬಿಟ್ಟು ಆಡಿದ ಮೊದಲ ಮಾತು "ನಿನ್ನ ತಲೆ" ಎಂಬುದು. ಅಂಥ ಜಗಳ ಎಲ್ಲರಿಗೂ ಸಿಗುವುದಿಲ್ಲ.

ಎರಡು ವಾರದ ಹಿಂದೆ ಆ ಆಲ್ಬಮನ್ನು ಯಾರೋ ಪುಣ್ಯಾತ್ಮರು ಮೂಲ ಟೇಪಿನಿಂದ ಇಂಟರ್ನೆಟ್ಟಿಗೆ ಏರಿಸಿದ್ದರು. ಕೇಶವಪ್ರಸಾದ ಈಗ ಶಾಲೆಯಲ್ಲಿ ಫಿಸಿಕ್ಸ್ ಮಾಸ್ತರ. ಉತ್ತರಪತ್ರಿಕೆ ತಿದ್ದುತ್ತ, ಹೊತ್ತು ಕಳೆಯಲೆಂದು ಇಯರ್‌ಫೋನ್ ಸಿಕ್ಕಿಸಿಕೊಂಡ. ಮೊದಲ ಹಾಡು ಕೇಳಿ ಫೋನ್ ಹಾಳಾಗಿದೆ ಎಂದುಕೊಂಡ. ಮನೆಗೆ ಹೋಗಿ ಹಳೆಯ ಕ್ಯಾಸೆಟ್ ಹುಡುಕಿ ಹಾಕಿ, ಶಾಲೆಯ ಸ್ಟಾಪ್‌ವಾಚ್ ಹಿಡಿದು ಕೂತ. ಫೋನಿನಲ್ಲಿ ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿನ ಹಾಡು ಕ್ಯಾಸೆಟ್ಟಿನಲ್ಲಿ ನಾಲ್ಕು ನಿಮಿಷ ಮೂವತ್ತನಾಲ್ಕು. ಮೂರು ಸಲ ಅಳೆದ. ಎಲ್ಲ ಹಾಡುಗಳೂ ಅದೇ ಲೆಕ್ಕದಲ್ಲಿ ಎಳೆದಿದ್ದವು. ಬೇರೆ ಕ್ಯಾಸೆಟ್ ಹಾಕಿ ನೋಡಿದ, ಪ್ಲೇಯರಿನಲ್ಲಿ ತಪ್ಪಿರಲಿಲ್ಲ. ತಪ್ಪು ಇದ್ದದ್ದು ತೊಂಬತ್ತೊಂದರ ಅಂಗಡಿಯಲ್ಲಿ. ಮೂಲ ಕ್ಯಾಸೆಟ್ ಓಡಿಸಿದ ಡೆಕ್ಕಿನ ಬೆಲ್ಟು ಸಡಿಲವಾಗಿ ಅದು ನಿಧಾನ ಓಡಿತ್ತು, ಕಾಪಿಗಳೆಲ್ಲ ಹಾಗೆಯೇ ನಿಧಾನವಾಗಿ ತುಂಬಿದ್ದವು. ದನಿ ಇಳಿಸಿ ಮಾಡಿದ ಕೆಲಸವಾದ್ದರಿಂದ ಮಾಡಿದವನಿಗೆ ಗೊತ್ತೇ ಆಗಿರಲಿಲ್ಲ. ಹಾಡು ಉದ್ದವಾದದ್ದಕ್ಕೇ ಕೊನೆಯದು ಕ್ಯಾಸೆಟ್ಟಿನಲ್ಲಿ ಹಿಡಿಸದೆ ತುಂಡಾಗಿತ್ತು.

ಅವನು ಆ ವಾರ ಆಲ್ಬಮನ್ನು ಏಳು ಸಲ ಕೇಳಿದ. ಏಳನೇ ಸಲ ಕಣ್ಣಲ್ಲಿ ನೀರು ಬಂತು. ಎಂಥ ಸಂಗೀತ! ಹದಿನೆಂಟರ ಪ್ರಾಯದಲ್ಲಿ ಕೇಳಬೇಕಾದದ್ದನ್ನು ಐವತ್ತೊಂದಕ್ಕೆ ಕೇಳಿದೆನಲ್ಲ ಎಂದು ಹೊಟ್ಟೆ ಉರಿಯಿತು. ಅಶ್ಕರ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅದನ್ನು ಹೇಳಲೆಂದೇ ಈ ಭಾನುವಾರ ಬಂದದ್ದು. ಕ್ಯಾಸೆಟ್ಟೂ ಅಳತೆ ಬರೆದ ಕಾಗದವೂ ಚೀಲದಲ್ಲಿದ್ದವು. ಬೆಲ್ಟಿನ ಕಥೆ ಕೇಳಿ ಅಶ್ಕರ್ ಹೊಟ್ಟೆ ಹಿಡಿದು ನಗುತ್ತಾನೆಂದು ಅವನು ಬಸ್ಸಿನಲ್ಲಿ ಕಲ್ಪಿಸಿಕೊಂಡಿದ್ದ.

ಪೆನ್ನು ತೆಗೆದು ಬರೆದ: 'ನೈಂತ್ ಶಿಫ್ಟ್ ಪುನಃ ಕೇಳಿದೆ. ನೀನು ಹೇಳಿದ್ದೇ ಸರಿ. ಬಹಳ ಒಳ್ಳೆದುಂಟು.'

ಅಶ್ಕರ್ ಓದಿದ. ಅವನ ಮುಖದಲ್ಲಿ ಇದ್ದಬದ್ದ ಕಳೆಯೂ ಇಳಿಯಿತು.

"ನೀನೂ ಸುರು ಮಾಡಿದೆಯಾ?"

ಕೇಶವಪ್ರಸಾದ ಅಲ್ಲವೆಂದು ತಲೆಯಾಡಿಸಿದ. 'ಸತ್ಯ ಹೇಳ್ತಿದ್ದೇನೆ' ಎಂದು ಬರೆದ.

"ಮೂವತ್ತಮೂರು ವರ್ಷ ಒಪ್ಪದವನು ನನ್ನ ಕಿವಿ ಹೋದ ಕೂಡ್ಲೆ ಒಪ್ಪಿದ. ಎಂತ ಚಂದ!" ಅಶ್ಕರ್ ನೋಟ್‌ಬುಕ್ಕು ಮುಚ್ಚಿದ. "ಉಳಿದವರು ಸುಳ್ಳು ಬರೆದಾಗ ನಾನು ಎಣಿಸಿದ್ದು, ಕೇಶವ ಬರ್ಲಿ, ಅವನು ಮೋರೆಗೆ ಹೊಡೆದ ಹಾಗೆ ಹೇಳ್ತಾನೆ ಅಂತ. ನೀನು ಒಳ್ಳೆ ಮಾತು ಹೇಳ್ಲಿಕ್ಕೆ ಬಂದದ್ದಾ? ಚಾ ಕುಡಿದು ಹೋಗು ಮಾರಾಯ."

ಕೇಶವಪ್ರಸಾದನ ಕೈ ಚೀಲದೊಳಗೆ ಹೋಯಿತು. ಕಾಗದ ಬೆರಳಿಗೆ ಸಿಕ್ಕಿತು. ತೋರಿಸಿದರೆ ಅಶ್ಕರ್ ನಂಬಲೇಬೇಕು. ಅಂಕಿಗಳು ಸುಳ್ಳು ಹೇಳುವುದಿಲ್ಲ.

"ಅಂಗಡಿ ಇದ್ದ ಜಾಗದಲ್ಲಿ ಈಗ ಹೈವೆಯ ಸರ್ವಿಸ್ ರೋಡ್ ಉಂಟು," ಅಶ್ಕರ್ ಕಿಟಕಿಯತ್ತ ನೋಡಿಕೊಂಡು ಹೇಳುತ್ತಿದ್ದ. "ಹೋಗ್ಲಿ. ಆದ್ರೆ ಕುಂಬಳೆಯಿಂದ ಮಂಜೇಶ್ವರದವರೆಗೆ ನನ್ನಷ್ಟು ಕ್ಲೀನ್ ಡಬ್ಬಿಂಗ್ ಯಾರು ಮಾಡಿದ್ದು? ಹೇಳು. ನನಗೆ ಅದೊಂದು ಸರಿ ಬರ್ತಿತ್ತು. ಹನ್ನೆರಡು ಕಾಪಿ ಹಂಚಿದೆ, ಒಬ್ಬನಿಗೂ ಹಿಡಿಸ್ಲಿಲ್ಲ. ಅಪ್ಪ ಅಂಗಡಿ ತುಂಬ ಜನ ಇರುವಾಗ ನಗಾಡಿದ್ರು. ನನ್ನ ಕಿವಿ ಸರಿ ಉಂಟು, ನಿಮ್ಮದೇ ಸರಿ ಇಲ್ಲ ಅಂತ ಹೇಳಿ ಎದ್ದು ಬಂದೆ. ಈಗ ಕಿವಿ ಇಲ್ಲ. ನನ್ನ ಹತ್ರ ಉಳಿದದ್ದು ಅವತ್ತು ಹಾಗೆ ಹೇಳಿ ಬಂದದ್ದು ಒಂದೇ."

ಚೀಲದೊಳಗಿನ ಬೆರಳುಗಳು ನಿಂತವು. ಕಾಗದ ತೋರಿಸಿದರೆ ಅಶ್ಕರ್ ನಂಬುತ್ತಾನೆ, ನಿಜ. ಆದರೆ ಹನ್ನೆರಡು ಗೆಳೆಯರ ಎದುರು ಆ ಆಲ್ಬಮನ್ನು ಕೊಂದದ್ದು ತನ್ನದೇ ಕೈ ಎಂಬುದನ್ನೂ ನಂಬಬೇಕಾಗುತ್ತದೆ. ಮತ್ತೊಮ್ಮೆ ಕೇಳಿ ಸಮಾಧಾನ ಮಾಡಿಕೊಳ್ಳಲು ಕಿವಿಯಿಲ್ಲ, ಮತ್ತೊಮ್ಮೆ ಸರಿಯಾಗಿ ಮಾಡಿಕೊಡಲು ಅಂಗಡಿಯಿಲ್ಲ. ಕೇಶವಪ್ರಸಾದನಿಗೆ ತನ್ನ ಸತ್ಯದ ಮೇಲೆಯೇ ಸಿಟ್ಟು ಬಂತು. ಎರಡು ಬಸ್ಸು ಹತ್ತಿ ಇದನ್ನು ಹೊತ್ತು ತಂದೆನಲ್ಲ ಎನಿಸಿತು.

ಕೈ ಹೊರಗೆ ತೆಗೆದು ನೋಟ್‌ಬುಕ್ಕು ಬಿಡಿಸಿದ. ಆಮೇಲೆ ಬರೆದ: 'ಸರಿ, ಸುಳ್ಳು ಹೇಳಿದೆ. ನಿನ್ನ ಮೋರೆ ನೋಡಿ ಪಾಪ ಅನಿಸಿತು. ಎತ್ತಿನ ಗಾಡಿ ಎತ್ತಿನ ಗಾಡಿಯೇ. ಈಗ ಎತ್ತಿಗೂ ವಯಸ್ಸಾಗಿದೆ.'

ಅಶ್ಕರ್ ಎರಡು ಸಲ ಓದಿದ. ಮೊದಲು ಅವನ ಭುಜ ಕುಲುಕಿತು. ಆಮೇಲೆ ನಗು ಮನೆಯೆಲ್ಲ ಕೇಳಿತು, ಅಳತೆಯಿಲ್ಲದ ದೊಡ್ಡ ನಗು. "ಹರಾಮಿ!" ಎಂದು ಅವನು ಮೇಜು ಗುದ್ದಿದ. "ಕಳ್ಳ! ಒಂದು ನಿಮಿಷ ನಾನು ಹೆದರಿಯೇ ಹೋದೆ!"

ಹೆಂಡತಿ ಶಹನಾಝ್ ಚಾದ ತಟ್ಟೆ ಹಿಡಿದುಕೊಂಡೇ ಒಳಗಿಂದ ಓಡಿ ಬಂದಳು. ಗಂಡನನ್ನು ನೋಡಿದಳು, ನೋಟ್‌ಬುಕ್ಕನ್ನು ನೋಡಿದಳು. ಅವಳು ಕಲಿತದ್ದು ಮಲಯಾಳಂ. ಕನ್ನಡ ಅಕ್ಷರ ಬಾರದು.

"ಎಂತ ಬರೆದದ್ದು ಮಾಷೇ? ಇವರು ನಗಾಡದೆ ಮೂರು ತಿಂಗಳಾಯ್ತು."

"ಬೈದು ಬರೆದೆ," ಎಂದ ಕೇಶವಪ್ರಸಾದ.

ಅವಳು ತಟ್ಟೆ ಕೆಳಗಿಟ್ಟು ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು. "ಹಾಗಾದ್ರೆ ಇನ್ನೂ ಸ್ವಲ್ಪ ಬೈಯಿರಿ ಮಾಷೇ."

ಅಶ್ಕರನಿಗೆ ಇದು ಯಾವುದೂ ಕೇಳಿಸಿರಲಿಲ್ಲ. ಅವನು ಕುರ್ಚಿ ಮುಂದೆಳೆದುಕೊಂಡು, ಎರಡು ಕೈಯ ಬೆರಳುಗಳಲ್ಲಿ ಮೇಜಿನಂಚನ್ನು ಬಾರಿಸಲು ತೊಡಗಿದ್ದ. ಕೊನೆಯ ಹಾಡಿನ ಕೊನೆಯ ನಿಮಿಷ. ಬಾಯಲ್ಲಿ ಗಿಟಾರಿನ ಪಾಲನ್ನೂ ಹೇಳುತ್ತಿದ್ದ. ಸ್ವರ ಎಲ್ಲೆಲ್ಲೋ ಜಾರಿತು. ವೇಗ ಮಾತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಏಳು ಸಲ ಕೇಳಿದ್ದ ಕೇಶವಪ್ರಸಾದನಿಗೆ ಮೈಯೆಲ್ಲ ಜುಮ್ಮೆಂದಿತು. ಮೇಜಿನ ಕೆಳಗೆ ಅವನ ಪಾದ ತಾನಾಗಿ ತಾಳ ಹಿಡಿಯಹೊರಟಿತು. ಅದನ್ನು ನೆಲಕ್ಕೆ ಒತ್ತಿ ಹಿಡಿದ.

"ಇದು ನಿಧಾನವಾ?" ಅಶ್ಕರ್ ಏದುಸಿರು ಬಿಡುತ್ತ ಕೇಳಿದ. ಹಣೆಯಲ್ಲಿ ಬೆವರು. "ದೇವರಾಣೆ ಹೇಳು, ಇದು ನಿಧಾನವಾ?"

'ಹೌದು' ಎಂದು ಕೇಶವಪ್ರಸಾದ ಬರೆದ.

"ನಿನಗೆ ಕಿವಿ ಇದ್ದೂ ಇಲ್ಲ!" ಅಶ್ಕರ್ ಚಾ ಲೋಟವನ್ನು ಅವನತ್ತ ದೂಡಿ, ಹಾಳೆ ಮಗುಚಿ, ಖಾಲಿ ಪುಟವನ್ನು ಅಂಗೈಯಿಂದ ಸವರಿ ಮಟ್ಟ ಮಾಡಿದ. "ಸರಿ, ಮೊದಲಿಂದ ಬರುವ. ಒಂದನೇ ಹಾಡು. ಅದರಲ್ಲಿ ಎಂತ ತಪ್ಪುಂಟು? ಬರೆ."

ಕೇಶವಪ್ರಸಾದ ಪೆನ್ನು ಹಿಡಿದು, ಆ ಹಾಡಿನಲ್ಲಿ ತಪ್ಪು ಹುಡುಕುತ್ತ ಕೂತ.